ಉಷ್ಣ ಅಂದುಕೊಂಡ ಉರಿ

ನಮ್ಮ ದೊಡ್ಡಮ್ಮ ಬೇಲೂರು ಕಡೆಯವರು. ಖಾರ ಇಲ್ಲದೆ ಅವರಿಗೆ ತುತ್ತು ಇಳಿಯುತ್ತಿರಲಿಲ್ಲ. ಅಂಥವರು ಇದ್ದಕ್ಕಿದ್ದಂತೆ ಸಾರು ಬಿಟ್ಟು ಮೊಸರನ್ನ ಕೇಳತೊಡಗಿದರು. ಬಾಯಿ ಉರಿಯುತ್ತೆ ಅಂದರು. ಉಷ್ಣ ಆಗಿದೆ ಅಂತ ಮನೆಯವರೆಲ್ಲ ತೀರ್ಮಾನಿಸಿದೆವು. ಎಳನೀರು ಬಂತು, ತುಪ್ಪ ಸವರಿದ್ದಾಯಿತು, ಮೆಡಿಕಲ್ ಶಾಪಿನಿಂದ ಬಿ ಕಾಂಪ್ಲೆಕ್ಸ್ ಮಾತ್ರೆ ತಂದದ್ದಾಯಿತು. ಹಾಗೇ ನಾಲ್ಕು ತಿಂಗಳು ಕಳೆದವು. ಕೊನೆಗೆ ಹಾಸನಕ್ಕೆ ಕರೆದುಕೊಂಡು ಹೋಗಿದ್ದು ಕೂಡ ಉರಿಗಲ್ಲ, ಅಲ್ಲಾಡುತ್ತಿದ್ದ ಒಂದು ದವಡೆ ಹಲ್ಲು ಕೀಳಿಸೋಕೆ.

ಹಲ್ಲಿನ ಡಾಕ್ಟರು ಇಕ್ಕಳ ಕೈಗೆತ್ತಿಕೊಳ್ಳಲಿಲ್ಲ. ‘ಅಮ್ಮಾ, ಬಾಯಿ ಇನ್ನೂ ಸ್ವಲ್ಪ ದೊಡ್ಡದಾಗಿ ತೆಗೀರಿ’ ಅಂದರು. ‘ಇಷ್ಟೇ ಕಣಮ್ಮ ಬರೋದು’ ಅಂದರು ದೊಡ್ಡಮ್ಮ. ದೊಡ್ಡಮ್ಮನದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸೋಕೆ ಡಾಕ್ಟರು ಹೇಳಿದರು. ಎರಡೇ ಹೋದವು. ಸಾಮಾನ್ಯವಾಗಿ ಮೂರು ಬೆರಳು ಹೋಗಬೇಕು. ನೀವೂ ಈಗಲೇ ಮಾಡಿ ನೋಡಬಹುದು.

ದೊಡ್ಡಮ್ಮನ ಹಾಗೆ ಅಡಿಕೆ ಅಗಿಯುವವರಲ್ಲಿ ಹೀಗೆ ಬಾಯಿ ಬಿಗಿಯುವುದಕ್ಕೆ ಕಾರಣ ಇದೆ. ಅಡಿಕೆಯಲ್ಲಿ ಅರೆಕೋಲಿನ್ ಎಂಬ ರಾಸಾಯನಿಕ ಇರುತ್ತದೆ. ಕೆನ್ನೆಯ ಒಳಪದರದ ಕೆಳಗೆ ನಾರಿನಂಥ ಕೊಲಾಜೆನ್ ಜಾಸ್ತಿ ತಯಾರಾಗುವಂತೆ ಅದು ಮಾಡುತ್ತದೆ. ಅಡಿಕೆಯಲ್ಲಿರುವ ತಾಮ್ರದ ಅಂಶ ಆ ನಾರುಗಳನ್ನು ಒಂದಕ್ಕೊಂದು ಗಟ್ಟಿಯಾಗಿ ಹೆಣೆಯೋಕೆ ನೆರವಾಗುತ್ತದೆ. ಮೆತ್ತಗಿದ್ದ ಕೆನ್ನೆ ವರ್ಷಗಳು ಕಳೆದಂತೆ ಚರ್ಮದ ಪಟ್ಟಿಯ ಹಾಗೆ ಬಿಗಿಯುತ್ತದೆ. ಎಷ್ಟೋ ಜನರಿಗೆ ಇದರ ಮೊದಲ ಸುಳಿವು ಖಾರ ತಡೆಯೋಕಾಗದೆ ಇರುವುದು. ಇದು ಕ್ಯಾನ್ಸರ್ ಅಲ್ಲ. ಆದರೆ ಇದಿರುವ ಕೆಲವರಿಗೆ ಮುಂದೆ ಕ್ಯಾನ್ಸರ್ ಬರುತ್ತದೆ.

ಅಡಿಕೆ ತೋಟಗಳಿರುವ ನಾಡಿನಲ್ಲಿ ಕೂತು ಇದನ್ನು ಬರೆಯೋದು ನನಗೆ ಸುಲಭವಲ್ಲ. ತರೀಕೆರೆ, ಕೊಪ್ಪ, ಶೃಂಗೇರಿಯ ಎಷ್ಟೋ ಮನೆಗಳ ಒಲೆ ಉರಿಯೋದು ಅಡಿಕೆಯಿಂದ. ನಮ್ಮಲ್ಲಿ ಎಲೆ ಅಡಿಕೆ ಇಲ್ಲದೆ ಮದುವೆಯೂ ಇಲ್ಲ. ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ತಜ್ಞರ ಪರಿಶೀಲನೆಯ ನಂತರ ಅಡಿಕೆಯನ್ನು, ಅದರ ಜೊತೆ ತಂಬಾಕು ಇಲ್ಲದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಹೊಗೆಸೊಪ್ಪು, ಕಡ್ಡಿಪುಡಿ ಸೇರಿದರೆ ಅಪಾಯ ಇನ್ನೂ ಏರುತ್ತದೆ. ‘ನಾನು ಬರೀ ಅಡಿಕೆ ಹಾಕ್ಕೊಳ್ಳೋದು’ ಅನ್ನುವ ಸಮಾಧಾನ ನಿಲ್ಲುವುದಿಲ್ಲ.

ಡಾಕ್ಟರು ಆಮೇಲೆ ಮಾಡಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ತುಟಿಯನ್ನು ಮಡಚಿ ನೋಡಿದರು. ಪುಟ್ಟ ಕನ್ನಡಿಯಿಂದ ಕೆನ್ನೆ ಸರಿಸಿ, ಒಸಡಿನ ಅಂಚಿನವರೆಗೆ ಬೆಳಕು ಬಿಟ್ಟರು. ನಾಲಿಗೆಯ ತುದಿಯನ್ನು ಹತ್ತಿಬಟ್ಟೆಯಲ್ಲಿ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆದು, ಅದರ ಬದಿಗಳನ್ನು ನೋಡಿದರು. ನಾವು ಕನ್ನಡಿ ಮುಂದೆ ನಾಲಿಗೆ ಚಾಚಿದರೂ ಈ ಬದಿಗಳು ಸರಿಯಾಗಿ ಕಾಣುವುದಿಲ್ಲ. ನಾಲಿಗೆಯ ಅಡಿ, ಅಂಗುಳ, ಯಾವುದನ್ನೂ ಬಿಡಲಿಲ್ಲ. ಕೊನೆಗೆ ದವಡೆಯ ಕೆಳಗೆ, ಕುತ್ತಿಗೆಯ ಎರಡೂ ಕಡೆ ಬೆರಳಾಡಿಸಿ ಗಂಟು ಇದೆಯಾ ಅಂತ ಹುಡುಕಿದರು. ಎಲ್ಲಾ ಸೇರಿ ಐದು ನಿಮಿಷವೂ ಆಗಲಿಲ್ಲ.

ಎಡಗೆನ್ನೆಯ ಒಳಗೆ, ದೊಡ್ಡಮ್ಮ ಎಲೆ ಅಡಿಕೆ ಒತ್ತರಿಸಿ ಇಡುತ್ತಿದ್ದ ಜಾಗದಲ್ಲೇ, ಒಂದು ಬಿಳಿ ಮಚ್ಚೆ ಇತ್ತು. ಉಜ್ಜಿದರೂ ಹೋಗಲಿಲ್ಲ. ನೋವಿಲ್ಲದ ಕಾರಣ ಅವರಿಗೆ ಅದು ಇದ್ದದ್ದೇ ಗೊತ್ತಿರಲಿಲ್ಲ. ಇಂಥ ಮಚ್ಚೆ ಬಿಳಿಯ ಬದಲು ಕೆಂಪಗಿದ್ದರೆ ಚಿಂತೆ ಜಾಸ್ತಿ.

ಹಲ್ಲಿನ ಡಾಕ್ಟರಿಗೆ ಮುಖ್ಯವಾದ ಲೆಕ್ಕ ಎರಡು ವಾರದ್ದು. ಚೂಪಾದ ಹಲ್ಲು ತಾಗಿ ಹುಣ್ಣಾಗಿದ್ದರೆ ಆ ಹಲ್ಲಿನ ಅಂಚನ್ನು ನಯ ಮಾಡಿ ಕಾಯುತ್ತಾರೆ. ಕಟ್ಟಿಸಿದ ಹಲ್ಲಿನ ಸೆಟ್ ಒತ್ತುತ್ತಿದ್ದರೆ ಅದನ್ನು ಸರಿಪಡಿಸಿ ಕಾಯುತ್ತಾರೆ. ಸಾಮಾನ್ಯ ಹುಣ್ಣು ಅಷ್ಟರಲ್ಲಿ ಮಾಯಬೇಕು. ಮಾಯದಿದ್ದರೆ ಚೂರು ಮಾಂಸ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಬಯಾಪ್ಸಿ ಅಂದರೆ ಇದೇ. ಸೂಜಿಮದ್ದು ಕೊಟ್ಟು ತೆಗೆಯುವ ಸಣ್ಣ ಕೆಲಸ. ಕತ್ತರಿ ತಾಗಿದರೆ ಕ್ಯಾನ್ಸರ್ ಹರಡುತ್ತೆ ಎಂಬ ಹೆದರಿಕೆ ನಮ್ಮೂರಲ್ಲೂ ಇದೆ. ಆ ಹೆದರಿಕೆಯಲ್ಲಿ ಬಯಾಪ್ಸಿ ಮುಂದೂಡುವುದೇ ನಿಜವಾದ ಅಪಾಯ.

ಅಲ್ಲಾಡುವ ಹಲ್ಲನ್ನು ಅವಸರದಲ್ಲಿ ಯಾಕೆ ಕೀಳಲಿಲ್ಲ ಅಂತ ಕೇಳಿದೆ. ಒಸಡಿನ ಕ್ಯಾನ್ಸರ್ ಕೆಲವು ಸಲ ಬರೀ ಅಲ್ಲಾಡುವ ಹಲ್ಲಿನ ವೇಷದಲ್ಲಿ ಬರುತ್ತದಂತೆ. ಹಲ್ಲು ಕಿತ್ತ ಮೇಲೆ ಗಾಯ ಮಾಯುವುದೇ ಇಲ್ಲ, ಆಗ ಗೊತ್ತಾಗುತ್ತದೆ. ಅದಕ್ಕೇ ಅವರು ಮೊದಲು ಎಕ್ಸ್‌ರೇ ತೆಗೆಸಿದರು. ದೊಡ್ಡಮ್ಮನದು ಒಸಡಿನ ಹಳೇ ಕಾಯಿಲೆ ಅಷ್ಟೇ.

ಭಾರತದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಜನರಿಗೆ ಹೊಸದಾಗಿ ಬಾಯಿ ಕ್ಯಾನ್ಸರ್ ಪತ್ತೆಯಾಗುತ್ತದೆ. ಹೆಚ್ಚಿನವರು ಬರೋದು ಮೂರನೇ, ನಾಲ್ಕನೇ ಹಂತದಲ್ಲಿ. ಹೊಟ್ಟೆಯೊಳಗಿನ ಗಡ್ಡೆ ಕಾಣಲಿಲ್ಲ ಅಂದರೆ ಒಪ್ಪಬಹುದು. ಬಾಯಿ ತೆರೆದರೆ ಕಾಣುವ ಜಾಗದಲ್ಲೇ ಹೀಗಾಗುತ್ತದೆ ಅನ್ನೋದು ನನ್ನನ್ನು ತುಂಬಾ ಕಾಡುತ್ತದೆ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ವರ್ಷಗಟ್ಟಲೆ ಜನರ ಬಾಯಿ ಪರೀಕ್ಷಿಸಿದರು. 2005ರಲ್ಲಿ ಫಲಿತಾಂಶ ಬಂತು: ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಅವರ ಹತ್ತಿರ ಇದ್ದದ್ದು ಬೆಳಕು ಮತ್ತು ಕಣ್ಣು.

ಹಾಸನದಲ್ಲಿ ದಂತ ವೈದ್ಯಕೀಯ ಕಾಲೇಜೇ ಇದೆ. 30 ದಾಟಿದವರ ಬಾಯಿ ಪರೀಕ್ಷೆ ಸರ್ಕಾರದ ಆರೋಗ್ಯ ಕಾರ್ಯಕ್ರಮದಲ್ಲೂ ಸೇರಿದೆ. ಹಲ್ಲು ನೋವಿಗೆ ಹೋದಾಗಲೂ ‘ಒಂದ್ಸಲ ಬಾಯೆಲ್ಲಾ ನೋಡಿಬಿಡಿ’ ಅಂತ ನಾವೇ ಕೇಳಬಹುದು, ಅಲ್ವಾ?

ದೊಡ್ಡಮ್ಮನ ಮಚ್ಚೆಯ ಬಯಾಪ್ಸಿ ವರದಿ ಹತ್ತು ದಿನದಲ್ಲಿ ಬಂತು. ಕ್ಯಾನ್ಸರ್ ಆಗಿರಲಿಲ್ಲ. ಆದರೆ ಜೀವಕೋಶಗಳು ಬದಲಾಗತೊಡಗಿದ್ದವು. ಮಚ್ಚೆಯನ್ನು ತೆಗೆದರು. ಎಲೆ ಅಡಿಕೆಯನ್ನು ಅವರೇ ಬಿಟ್ಟರು, ಈಗ ಅದರ ಚೀಲದಲ್ಲಿ ಲವಂಗ ಇದೆ. ಬಾಯಿ ಮಾತ್ರ ಇವತ್ತಿಗೂ ಎರಡೇ ಬೆರಳು ತೆರೆಯುತ್ತದೆ. ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಮುಂದಿನ ಸಲದ ದಿನವನ್ನು ಹಾಸನಾಂಬೆ ಗುಡಿ ಬಾಗಿಲು ತೆಗೆಯುವ ವಾರಕ್ಕೇ ಹಾಕಿಸಿಕೊಂಡಿದ್ದಾರೆ. ಅಮ್ಮನ ದರ್ಶನವೂ ಆಗುತ್ತೆ, ಡಾಕ್ಟರಮ್ಮನ ಹತ್ತಿರವೂ ಹೋಗಿ ಬರಬಹುದು ಅಂತ.