ಲೀಬರ್ ಕಾಯಿಲೆ, ಸೋದರಮಾವ ಮತ್ತು ಪೆಡಿಗ್ರಿಯಲ್ಲಿ ಎಡವುವ ಒಂದು ಜಾಗ

ಮೈಟೊಕಾಂಡ್ರಿಯಾ ಅಂದರೇನು, ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಹೇಗೆ ತಯಾರಾಗುತ್ತದೆ ಅನ್ನೋದನ್ನು ಇಲ್ಲಿ ಬಿಟ್ಟಿದ್ದೇನೆ. ಅದೆಲ್ಲ ಪಿಯುಸಿಯಲ್ಲೇ ಆಗಿದೆ ಅಲ್ವಾ. ಲೀಬರ್ ಕಾಯಿಲೆಯ ಕಾರಣ ತೋರಿಸಿದ ಅಮೆರಿಕದ ತಳಿವಿಜ್ಞಾನಿ ಡಗ್ಲಸ್ ವಾಲೇಸ್ ಅವರ ಸಂಶೋಧನೆಯಿಂದ ನೇರ ಶುರು ಮಾಡೋಣ.

ವಾಲೇಸ್ ತೋರಿಸಿದ್ದು

ಜರ್ಮನಿಯ ಕಣ್ಣಿನ ವೈದ್ಯ ಥಿಯೊಡರ್ ಲೀಬರ್ ಈ ಕಾಯಿಲೆಯನ್ನು 1871ರಲ್ಲೇ ವಿವರಿಸಿದ್ದರು. ಹರೆಯದವರಿಗೆ, ಅದರಲ್ಲೂ ಗಂಡಸರಿಗೇ ಜಾಸ್ತಿ, ನೋವಿಲ್ಲದೆ ನಡುದೃಷ್ಟಿ ಹೋಗುತ್ತದೆ. ಮೊದಲು ಒಂದು ಕಣ್ಣು, ಕೆಲವು ವಾರ ಅಥವಾ ತಿಂಗಳಲ್ಲಿ ಇನ್ನೊಂದು. ಕಾರಣ ಸಿಕ್ಕಿದ್ದು 1988ರಲ್ಲಿ. ಮೈಟೊಕಾಂಡ್ರಿಯಾದ ಡಿಎನ್‌ಎ 16,569 ಬೇಸ್ ಜೋಡಿ ಉದ್ದ, 37 ಜೀನ್. ಅದರ 11778ನೇ ಜಾಗದಲ್ಲಿ ಜಿ ಹೋಗಿ ಎ ಬಂದಿರುವುದನ್ನು ವಾಲೇಸ್ ತಂಡ ತೋರಿಸಿತು. ಇದರಿಂದ ಎನ್‌ಡಿ4 ಪ್ರೋಟೀನಿನಲ್ಲಿ ಆರ್ಜಿನೀನ್ ಬದಲು ಹಿಸ್ಟಿಡೀನ್ ಕೂರುತ್ತದೆ. ಎನ್‌ಡಿ4 ಇರುವುದು ಕಾಂಪ್ಲೆಕ್ಸ್ 1ರಲ್ಲಿ, ಅಂದರೆ ಎಟಿಪಿ ತಯಾರಿಗೆ ಬೇಕಾದ ಪ್ರೋಟೀನ್ ಸರಪಳಿಯ ಮೊದಲ ಗುಂಪಿನಲ್ಲಿ. ಅದು ಕುಂಟಿದಾಗ ಕಣ್ಣಿನಿಂದ ಮೆದುಳಿಗೆ ಸುದ್ದಿ ಒಯ್ಯುವ ರೆಟಿನಾದ ಗ್ಯಾಂಗ್ಲಿಯನ್ ಕೋಶಗಳು ಸಾಯುತ್ತವೆ.

ಸೋದರಮಾವನನ್ನು ಕೇಳಿ

ಇದು ನನ್ನ ಶಾರ್ಟ್‌ಕಟ್. ಅಳಿಯಕಟ್ಟಿನ (ತಾಯಿಯ ಕಡೆಯಿಂದ ವಂಶ ಎಣಿಸುವ ಕರಾವಳಿಯ ಪದ್ಧತಿ) ಮನೆಗಳಲ್ಲಿ ಬಳಿ, ಅಂದರೆ ತಾಯಿಯ ಕಡೆಯ ಕುಲ, ಹೇಗೆ ಹೋಗುತ್ತದೋ ಮೈಟೊಕಾಂಡ್ರಿಯಾದ ಡಿಎನ್‌ಎಯೂ ಹಾಗೇ. ತಾಯಿಯ ಬಳಿ ಮಗನಿಗೂ ಬರುತ್ತದೆ, ಮಗಳಿಗೂ ಬರುತ್ತದೆ. ಮುಂದಕ್ಕೆ ಕೊಡುವವಳು ಮಗಳು ಮಾತ್ರ. ಆಸ್ತಿಯ ಲೆಕ್ಕದಲ್ಲಿ ಇದು ಹಳೆಯ ಮಾತಾಯಿತು, ಆದರೆ ಮದುವೆ ಮಾತುಕತೆಯಲ್ಲಿ ಬಳಿ ಯಾವುದು ಅಂತ ಈಗಲೂ ಕೇಳುತ್ತಾರೆ. ಹಾಗಾಗಿ ದೃಷ್ಟಿ ಹೋದ ಹುಡುಗ ಬಂದರೆ ಅಪ್ಪನ ಕಡೆಯ ವಿಚಾರ ಆಮೇಲೆ. ಮೊದಲು ಅಮ್ಮನ ಅಣ್ಣತಮ್ಮಂದಿರ ಕಣ್ಣು ಹೇಗಿದೆ ಅಂತ ಕೇಳಿ.

ಎಡವುವ ಜಾಗ

"ಅಪ್ಪನಿಂದ ಮಗುವಿಗೆ ಬಂದಿದ್ದರೆ ಅದು ಮೈಟೊಕಾಂಡ್ರಿಯಾದ ಡಿಎನ್‌ಎಯ ಕಾಯಿಲೆ ಅಲ್ಲ" ಅಂತ ನಾವೆಲ್ಲ ಬಾಯಿಪಾಠ ಮಾಡಿರುತ್ತೇವೆ. ನಿಯಮ ಸರಿಯೇ. ಆದರೆ ಈಗ ಈ ಪೆಡಿಗ್ರಿ, ಅಂದರೆ ಮನೆತನದ ನಕ್ಷೆ, ಬರೆದು ನೋಡಿ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಕಾಯಿಲೆ ಇದ್ದರೆ ಕಪ್ಪು.

ಅಜ್ಜಿಗೆ ಇಬ್ಬರು ಮಕ್ಕಳು: ಅಕ್ಕ, ತಮ್ಮ. ತಮ್ಮನಿಗೆ ಲೀಬರ್ ಕಾಯಿಲೆ, ಅವನ ಚೌಕಕ್ಕೆ ಕಪ್ಪು ತುಂಬಿ. ಅವನು ಅಕ್ಕನ ಮಗಳನ್ನೇ ಮದುವೆಯಾದ. ಅವರ ಮಗನಿಗೂ ಕಾಯಿಲೆ ಬಂತು, ಅವನ ಚೌಕಕ್ಕೂ ಕಪ್ಪು. ಅಕ್ಕ, ಅಕ್ಕನ ಮಗಳು ಇಬ್ಬರ ಕಣ್ಣೂ ಚೆನ್ನಾಗಿದೆ, ಅವರ ವೃತ್ತ ಖಾಲಿ. ಹಾಳೆ ನೋಡಿದರೆ ಅಪ್ಪ, ಅವನ ಕೆಳಗೆ ಮಗ. ಸುಮ್ನೆ ನಿಯಮ ಹಚ್ಚಿದರೆ "ಮೈಟೊಕಾಂಡ್ರಿಯಾ ಅಲ್ಲ" ಅಂತ ಬರೆದುಬಿಡುತ್ತೇವೆ.

ಈಗ ಹುಡುಗನಿಂದ ಮೇಲಕ್ಕೆ ಬೆರಳಿಟ್ಟು ಹೋಗಿ. ಹುಡುಗ, ಅವನ ಅಮ್ಮ, ಅಮ್ಮನ ಅಮ್ಮ ಅಂದರೆ ಆ ಅಕ್ಕ, ಆಮೇಲೆ ಅಜ್ಜಿ. ಡಿಎನ್‌ಎ ಬಂದಿದ್ದು ಈ ದಾರಿಯಲ್ಲಿ. ಅಪ್ಪ ಏನೂ ಕೊಟ್ಟಿಲ್ಲ. ಅವನಿಗೂ ಅದೇ ಅಜ್ಜಿಯಿಂದ ಬಂದಿದೆ, ಅಷ್ಟೇ. ಖಾಲಿ ವೃತ್ತ ನೋಡಿ ಮೋಸ ಹೋಗಬೇಡಿ: ಈ ಬದಲಾವಣೆ ಇರುವ ಗಂಡಸರಲ್ಲಿ ಸುಮಾರು 50%, ಹೆಂಗಸರಲ್ಲಿ ಸುಮಾರು 10% ಜನಕ್ಕೆ ಮಾತ್ರ ದೃಷ್ಟಿ ಹೋಗುತ್ತದೆ ಅಂತ ಪುಸ್ತಕಗಳ ಲೆಕ್ಕ.

ಅಳಿಯಕಟ್ಟಿನವರಲ್ಲಿ ಇಂಥ ಮದುವೆ ಆಗದು, ಇಬ್ಬರದೂ ಒಂದೇ ಬಳಿ. ಆದರೆ ಘಟ್ಟದ ಮೇಲೆ ಅಕ್ಕನ ಮಗಳನ್ನು ತಂದುಕೊಳ್ಳುವುದು ಹೊಸದಲ್ಲ. ಮಣಿಪಾಲ, ಮಂಗಳೂರಿನ ಆಸ್ಪತ್ರೆಗಳಿಗೆ ಶಿವಮೊಗ್ಗ, ದಾವಣಗೆರೆ ಕಡೆಯಿಂದಲೂ ಜನ ಬರುತ್ತಾರೆ. ಹಾಗಾಗಿ ಗಂಡ ಹೆಂಡತಿಗೆ ಮೊದಲೇ ಏನು ಸಂಬಂಧ ಅಂತ ಕೇಳದೆ ಪೆಡಿಗ್ರಿ ಮುಗಿಸಬೇಡಿ.

ಅದೇ ಹುಡುಗ ಸೋದರಮಾವನ ಮಗಳನ್ನು ಮದುವೆಯಾದರೆ? ಅವಳ ಮೈಟೊಕಾಂಡ್ರಿಯಾ ಅವಳ ಅಮ್ಮನದು. ಆ ಅಮ್ಮ ಹೊರಗಿನಿಂದ ಬಂದವಳಾಗಿದ್ದರೆ ಮಕ್ಕಳಿಗೆ 11778ರ ಭಯ ಇಲ್ಲ. ಎರಡೂ ರಕ್ತಸಂಬಂಧದ ಮದುವೆಯೇ, ಉತ್ತರ ಮಾತ್ರ ಬೇರೆ.

ಉಳಿದದ್ದು ಬೇಗ

ಕಾಂಪ್ಲೆಕ್ಸ್ 1ರ ಸುಮಾರು 45 ಭಾಗಗಳಲ್ಲಿ 7ಕ್ಕೆ ಮಾತ್ರ ಮೈಟೊಕಾಂಡ್ರಿಯಾದ ಡಿಎನ್‌ಎ ಹೊಣೆ. ಉಳಿದವು ಕೋಶಕೇಂದ್ರದ ಜೀನುಗಳಿಂದ. ಕಾಂಪ್ಲೆಕ್ಸ್ 2 ಪೂರ್ತಿ ಕೋಶಕೇಂದ್ರದ್ದೇ. ಅಲ್ಲಿನ ಜೀನ್ ಕೆಟ್ಟರೆ ಹೆಚ್ಚಾಗಿ ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು, ಆಗ ಬಳಿಯ ಲೆಕ್ಕ ನಡೆಯಲ್ಲ. ಲೀ ಸಿಂಡ್ರೋಮ್ (ಮಕ್ಕಳಲ್ಲಿ ಕಾಣುವ ಮೆದುಳಿನ ಕಾಯಿಲೆ) ಮೈಟೊಕಾಂಡ್ರಿಯಾದ ಡಿಎನ್‌ಎಯಿಂದಲೂ ಕೋಶಕೇಂದ್ರದ ಜೀನಿನಿಂದಲೂ ಬರಬಹುದು, ಹೆಸರು ನೋಡಿ ತೀರ್ಮಾನ ಬೇಡ.

ಹೆಟೆರೊಪ್ಲಾಸ್ಮಿ, ಅಂದರೆ ಒಂದೇ ಕೋಶದಲ್ಲಿ ಒಳ್ಳೆಯ ಮತ್ತು ಕೆಟ್ಟ ಪ್ರತಿಗಳ ಮಿಶ್ರಣ, ಮೆಲಾಸ್‌ನಂಥ (ಪಾರ್ಶ್ವವಾಯು ತರಹದ ದಾಳಿ ಬರುವ) ಮೈಟೊಕಾಂಡ್ರಿಯಾದ ಕಾಯಿಲೆಯಲ್ಲಿ ತೀವ್ರತೆಯನ್ನು ನಿರ್ಧರಿಸುತ್ತದೆ. ಲೀಬರ್‌ನಲ್ಲಿ ಆ ಉತ್ತರ ಬರೆಯಬೇಡಿ. ಇಲ್ಲಿ ಹೆಚ್ಚಿನವರಲ್ಲಿ ಎಲ್ಲ ಪ್ರತಿಗಳೂ ಬದಲಾಗಿರುತ್ತವೆ, ಆದರೂ ಕೆಲವರ ಕಣ್ಣು ಚೆನ್ನಾಗಿಯೇ ಇರುತ್ತದೆ. ಅಪಾಯ ಹೆಚ್ಚಿಸುವುದರಲ್ಲಿ ಸಿಗರೇಟಿನ ಪಾತ್ರ ಇದೆ, ಅದಕ್ಕೇ ಕಣ್ಣು ಇನ್ನೂ ಚೆನ್ನಾಗಿರುವ ಅಣ್ಣತಮ್ಮಂದಿರಿಗೂ ಬಿಡಲು ಹೇಳುತ್ತಾರೆ.