ಮಕ್ಕಳ ಟೈ ಡೈ ಪಾರ್ಟಿ: ಒಗೆದರೂ ಬಣ್ಣ ಹೋಗಬಾರದು ಅಂದರೆ ಏನು ಮಾಡಬೇಕು?

ಪ್ರಶ್ನೆ: "ಅಕ್ಕ, ನಾವು ಮುಂಬೈಯ ಬೊರಿವಲಿಯಲ್ಲಿ ಇರೋದು. ಮಗನಿಗೆ ಒಂಬತ್ತು ತುಂಬುತ್ತೆ. ಬಿಲ್ಡಿಂಗಿನ ಮಕ್ಕಳನ್ನು ಕರೆದು ಟೈ ಡೈ, ಅಂದರೆ ಬಟ್ಟೆ ಕಟ್ಟಿ ಬಣ್ಣ ಹಾಕೋದು, ಮಾಡಿಸೋಣ ಅಂತಿದ್ದೇನೆ, ಹತ್ತು ಮಕ್ಕಳಾಗಬಹುದು. ಹೋದ ವರ್ಷ ಮನೆಯಲ್ಲೇ ಒಂದು ಟಿ-ಶರ್ಟ್ ಮಾಡಿ ನೋಡಿದ್ದೆ, ಮೊದಲನೇ ಒಗೆತಕ್ಕೇ ಬಣ್ಣವೆಲ್ಲ ಬಕೆಟ್ಟಿಗೆ ಇಳಿದುಹೋಯಿತು. ಈ ಸಲ ಹಾಗಾಗಬಾರದು. ಏನು ಮಾಡಲಿ?"

ಹೋದ ವರ್ಷ ಆ ಟಿ-ಶರ್ಟನ್ನು ಬಣ್ಣ ಹಾಕಿದ ದಿನವೇ ಬಿಚ್ಚಿ ಒಣಗಿಸಿದಿರಾ? ಹಾಗಿದ್ದರೆ ಬಣ್ಣ ಹೋಗಲಿಕ್ಕೆ ಅದೇ ಕಾರಣ ಇರಬಹುದು. ತುಂಬಾ ಜನ ಇಲ್ಲೇ ಎಡವುತ್ತಾರೆ. ಕಟ್ಟುವುದು, ಬಣ್ಣ ಹಾಕುವುದು ಎಲ್ಲ ಚೆನ್ನಾಗಿ ಮಾಡಿರುತ್ತಾರೆ, ಸಂಜೆ ಆಗುವ ಹೊತ್ತಿಗೆ ತಡೆಯೋಕಾಗದೆ ಬಿಚ್ಚಿ ನೋಡುತ್ತಾರೆ.

ನಮ್ಮ ಮುಲುಂಡಿನ ಬಿಲ್ಡಿಂಗಿನ ಟೆರೇಸಿನಲ್ಲಿ ನಾನು ಮಾಡಿದ ಮೊದಲ ಪಾರ್ಟಿಯಲ್ಲಿ ಇದೇ ಆಯಿತು. ನನ್ನ ಮಗಳು, ಅವಳ ಗೆಳತಿ ಇಬ್ಬರೂ ಅಕ್ಕಪಕ್ಕ ಕೂತು ಒಂದೇ ಬಾಟಲಿಯಿಂದ ಗುಲಾಬಿ ಬಣ್ಣ ಹಾಕಿದ್ದರು. ಗೆಳತಿಯ ಅಮ್ಮ ಒದ್ದೆ ಬಟ್ಟೆ ವಾಸನೆ ಬಂದೀತು ಅಂತ ಅವತ್ತೇ ಸಂಜೆ ಬಿಚ್ಚಿ ಹಿಂಡಿ ಬಾಲ್ಕನಿಯಲ್ಲಿ ಹಾಕಿದರು. ನಮ್ಮದು ಪ್ಲಾಸ್ಟಿಕ್ ಚೀಲದಲ್ಲಿ ಮಾರನೇ ದಿನ ಸಂಜೆಯವರೆಗೂ ಹಾಗೇ ಇತ್ತು. ಒಗೆದ ಮೇಲೆ ಎರಡನ್ನೂ ಹಾಸಿಗೆ ಮೇಲೆ ಹರಡಿ ನೋಡಿದೆವು. ಒಂದು ದಾಸವಾಳದ ಹಾಗೆ ಕಣ್ಣಿಗೆ ಹೊಡೆಯುತ್ತಿತ್ತು, ಇನ್ನೊಂದು ಬಿಸಿಲಿಗೆ ಬಿಟ್ಟ ಹಳೇ ಕರವಸ್ತ್ರದ ಹಾಗಿತ್ತು. ಆ ಹುಡುಗಿ ಏನೂ ಮಾತಾಡಲಿಲ್ಲ, ತನ್ನ ಶರ್ಟನ್ನು ಮೆಲ್ಲಗೆ ಮಡಚಿ ಎತ್ತಿಕೊಂಡಳು. ನನಗೆ ಈಗಲೂ ಅದು ಮನಸ್ಸಿನಲ್ಲಿದೆ. ತಪ್ಪು ನನ್ನದೇ, ಚೀಲ ಕೊಡುವಾಗ ನಾನು ಸರಿಯಾಗಿ ಹೇಳಿ ಕಳಿಸಬೇಕಿತ್ತು.

ಕಾಯುವುದು ಯಾಕೆ ಅಂದರೆ, ನಾವು ಬಳಸುವ ಬಣ್ಣ ರಿಯಾಕ್ಟಿವ್ ಡೈ. 1956ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿ ಪ್ರೋಸಿಯಾನ್ ಅನ್ನುವ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಸುಮ್ನೆ ಮೇಲಿಂದ ಹಚ್ಚಿದ ಬಣ್ಣದ ಥರ ಅಲ್ಲ ಇದು, ಹತ್ತಿಯ ನೂಲಿನ ಜೊತೆ ರಾಸಾಯನಿಕವಾಗಿ ಸೇರಿಬಿಡುತ್ತದೆ. ಒಲೆ ಬೇಡ, ಕುದಿಸುವುದು ಬೇಡ, ಅದಕ್ಕೇ ಮಕ್ಕಳ ಜೊತೆ ಮಾಡೋಕೆ ಇದೇ ಸರಿ. ಆದರೆ ಆ ಸೇರುವ ಕೆಲಸಕ್ಕೆ ಮೂರು ಸಂಗತಿ ಬೇಕು: ಸೋಡಾದ ಕ್ಷಾರ, ಒದ್ದೆ, ಬೆಚ್ಚಗಿನ ಹವೆ. ಬಟ್ಟೆ ಒಣಗಿದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಕಟ್ಟಿದ ಶರ್ಟನ್ನು ಚೀಲದಲ್ಲಿ ಗಾಳಿಯಾಡದಂತೆ ಸುತ್ತಿ ಇಡೀ ದಿನ, ಅಂದರೆ 24 ಗಂಟೆ, ಬಿಡಬೇಕು. ಈ ವಿಷಯದಲ್ಲಿ ಮುಂಬೈಯವರಿಗೆ ಒಳ್ಳೇ ಅನುಕೂಲ. ಚಳಿ ಇಲ್ಲ, ಗಾಳಿಯಲ್ಲಿ ತೇವ ಬೇಕಾದಷ್ಟಿದೆ. ಎಸಿ ರೂಮಿನಲ್ಲಿ ಮಾತ್ರ ಇಡಬೇಡಿ, ಅಡುಗೆಮನೆಯ ಮೂಲೆಯೇ ಸಾಕು. ಟರ್ಕಾಯ್ಸ್ ಅಂತ ಕರೆಯುವ ನೀಲಿಹಸಿರಿಗೆ ಉಳಿದ ಬಣ್ಣಗಳಿಗಿಂತ ಜಾಸ್ತಿ ಬಿಸಿ, ಜಾಸ್ತಿ ಹೊತ್ತು ಬೇಕು. ಮಕ್ಕಳಿಗೆ ಅದು ತುಂಬಾ ಇಷ್ಟ, ಅದನ್ನು ತಂದಿದ್ದರೆ ಆ ಶರ್ಟುಗಳನ್ನು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಬಿಡಿ.

ಇನ್ನು ಸೋಡಾ. ಇಲ್ಲಿ ಭಾಷೆಯೇ ಕೈಕೊಡುತ್ತದೆ. ನಾನು ಮೊದಲ ಸಲ ಕಿರಾಣಿ ಅಂಗಡಿಗೆ ಹೋಗಿ ಬರೀ "ಸೋಡಾ ದ್ಯಾ" ಅಂದೆ, ಅವರು ಅಡುಗೆ ಸೋಡಾದ ಪೊಟ್ಟಣ ಕೊಟ್ಟರು. ಮರಾಠಿಯಲ್ಲಿ ಅದು ಖಾಣ್ಯಾಚಾ ಸೋಡಾ, ನಮಗೆ ಬೇಕಾದದ್ದು ಧುಣ್ಯಾಚಾ ಸೋಡಾ, ಅಂದರೆ ಬಟ್ಟೆ ಒಗೆಯುವ ವಾಷಿಂಗ್ ಸೋಡಾ. ನೋಡೋಕೆ ಎರಡೂ ಬಿಳಿ ಪುಡಿ. ಆದರೆ ಇಡ್ಲಿ ಹಿಟ್ಟಿಗೆ ಹಾಕುವ ಸೋಡಾದ ಕ್ಷಾರ ಈ ಬಣ್ಣಕ್ಕೆ ಸಾಲುವುದಿಲ್ಲ. ನಿಮ್ಮ ಹೋದ ವರ್ಷದ ಶರ್ಟಿಗೆ ಇದೂ ಕಾರಣ ಇರಬಹುದು, ಅಂಗಡಿಯಿಂದ ತಂದ ಪೊಟ್ಟಣದ ಮೇಲೆ ಏನು ಬರೆದಿತ್ತು ನೆನಪು ಮಾಡಿಕೊಳ್ಳಿ.

ಅಳತೆ ಹೀಗೆ: ನಾಲ್ಕು ಲೀಟರ್ ಬೆಚ್ಚಗಿನ ನೀರಿಗೆ ಒಂದು ಕಪ್ ವಾಷಿಂಗ್ ಸೋಡಾ, ಹೆಚ್ಚುಕಡಿಮೆ 200 ಗ್ರಾಂ. ಪೂರ್ತಿ ಕರಗಿದ ಮೇಲೆ ಶರ್ಟುಗಳನ್ನು 15ರಿಂದ 20 ನಿಮಿಷ ನೆನೆಸಿ, ಚೆನ್ನಾಗಿ ಹಿಂಡಿ. ಹತ್ತು ಮಕ್ಕಳ ಶರ್ಟಿಗೆ ಎರಡು ಬಕೆಟ್ ಮಾಡಿಕೊಳ್ಳಿ. ಇದು ನಿಮ್ಮ ಕೆಲಸ, ಮಕ್ಕಳದ್ದಲ್ಲ. ಸೋಡಾ ನೀರು ಚರ್ಮ ಉರಿಸುತ್ತದೆ, ಕಣ್ಣಿಗೆ ಬಿದ್ದರೆ ತಕ್ಷಣ ನಲ್ಲಿ ಕೆಳಗೆ ಸುಮಾರು ಹೊತ್ತು ತೊಳೆದು ಡಾಕ್ಟರಿಗೆ ತೋರಿಸಬೇಕು. ಮಕ್ಕಳು ಬರುವ ಮೊದಲೇ ನೆನೆಸಿ, ಹಿಂಡಿ, ಒಂದೊಂದಾಗಿ ಸುತ್ತಿಟ್ಟುಬಿಡಿ. ಒದ್ದೆ ಶರ್ಟಿನಲ್ಲೂ ಸೋಡಾ ಇರುತ್ತದಲ್ವಾ, ಅದಕ್ಕೆ ಕಟ್ಟುವಾಗಲೂ ಮಕ್ಕಳ ಕೈಗೆ ಗ್ಲೌಸ್ ಇರಬೇಕು. ದೊಡ್ಡವರ ಗ್ಲೌಸ್ ಮಕ್ಕಳ ಬೆರಳಿಂದ ಜಾರುತ್ತಲೇ ಇರುತ್ತದೆ, ಮೆಡಿಕಲ್ ಅಂಗಡಿಯಲ್ಲಿ ಎಲ್ಲಕ್ಕಿಂತ ಸಣ್ಣ ಸೈಜ್ ಕೇಳಿ, ಮಣಿಕಟ್ಟಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ.

ಬಟ್ಟೆ ನೂರಕ್ಕೆ ನೂರು ಹತ್ತಿಯೇ ಆಗಬೇಕು. ಪಾಲಿಯೆಸ್ಟರಿಗೆ ಈ ಬಣ್ಣ ಹಿಡಿಯುವುದೇ ಇಲ್ಲ. ಬೀದಿಬದಿಯ ಗುಡ್ಡೆಯಿಂದ ಅಗ್ಗಕ್ಕೆ ತರುವುದಾದರೆ ಒಳಹೊಲಿಗೆಯಿಂದ ಬಟ್ಟೆಯದ್ದೇ ಒಂದು ಎಳೆ ತೆಗೆದು, ಮಕ್ಕಳಿಲ್ಲದಾಗ, ಬೆಂಕಿಕಡ್ಡಿ ತೋರಿಸಿ ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಹೊಲಿಗೆ ದಾರ ಮಾತ್ರ ಹೆಚ್ಚಿನ ಹತ್ತಿ ಶರ್ಟಿನಲ್ಲೂ ಪಾಲಿಯೆಸ್ಟರೇ. ಬಣ್ಣದ ಮಧ್ಯೆ ಕಾಲರು, ತೋಳಿನ ಅಂಚಿನ ಹೊಲಿಗೆ ಬಿಳಿಯಾಗಿಯೇ ಉಳಿದರೆ ಗಾಬರಿ ಬೇಡ. ಹೊಸ ಶರ್ಟನ್ನು ಮೊದಲು ಬಿಸಿನೀರಲ್ಲಿ ಸೋಪು ಹಾಕಿ ಒಗೆಯಿರಿ, ಗಂಜಿ ಹೋಗಬೇಕು. ಕಂಫರ್ಟ್ ಥರದ ಮೃದುಕಾರಿ ಹಾಕಬೇಡಿ.

ಬಣ್ಣ ಕಲಸುವುದೂ ದೊಡ್ಡವರೇ, ಮಾಸ್ಕ್ ಹಾಕಿಕೊಂಡು, ಫ್ಯಾನ್ ಆಫ್ ಮಾಡಿ. ಈ ಪುಡಿ ಹಿಟ್ಟಿಗಿಂತ ನುಣ್ಣಗೆ, ಉಸಿರಿನಲ್ಲಿ ಹೋದರೆ ಕೆಲವರಿಗೆ ಅಲರ್ಜಿ ಆಗುತ್ತದೆ. ಉಬ್ಬಸ ಇರುವ ಮಗು ಮನೆಯಲ್ಲಿದ್ದರೆ ಪುಡಿ ತೆರೆಯುವಾಗ ಬೇರೆ ಕಡೆ ಕಳಿಸಿ. ನೀರಲ್ಲಿ ಕರಗಿದ ಮೇಲೆ ಆ ಧೂಳಿನ ಭಯ ಇಲ್ಲ. 250 ಮಿಲಿ ನೀರಿಗೆ ಎರಡು ಟೀ ಚಮಚ ಹಾಕಿದರೆ ಬಣ್ಣ ಗಾಢವಾಗಿ ಬರುತ್ತದೆ. ಮೂತಿ ಚೂಪಾಗಿರುವ ಸಾಸ್ ಬಾಟಲಿಗೆ ತುಂಬಿ ಕೊಡಿ. ಅಡುಗೆಯ ಪಾತ್ರೆ, ಚಮಚ ಬೇಡವೇ ಬೇಡ, ಬಳಸಿದರೆ ಮತ್ತೆ ಅಡುಗೆಮನೆಗೆ ತರಬೇಡಿ. ಬಾಟಲಿಗೆ ಸೋಡಾ ಸೇರಿಸಬೇಡಿ, ಸೇರಿಸಿದರೆ ಬಣ್ಣ ನೀರಿನ ಜೊತೆಗೇ ಸೇರಿ ಸ್ವಲ್ಪ ಹೊತ್ತಿನಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ. ಸೋಡಾ ಬಟ್ಟೆಯಲ್ಲಿರಲಿ, ಬಣ್ಣ ಬಾಟಲಿಯಲ್ಲಿರಲಿ, ಎರಡೂ ಮಗುವಿನ ಕೈಯಲ್ಲೇ ಸೇರಲಿ.

ಎಷ್ಟು ಬಣ್ಣ? ಮೂರು ಸಾಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ: ಹಳದಿ, ಗುಲಾಬಿ, ನೀಲಿ. ಇವು ಅಂಚಿನಲ್ಲಿ ಸೇರಿದ ಕಡೆ ಕಿತ್ತಳೆ, ಹಸಿರು, ನೇರಳೆ ತಾವಾಗಿಯೇ ಬರುತ್ತವೆ. ಎಂಟು ಬಾಟಲಿ ಇಟ್ಟರೆ ಮಕ್ಕಳು ಎಂಟನ್ನೂ ಸುರಿಯುತ್ತಾರೆ. ಹಳದಿ ಪಕ್ಕ ನೇರಳೆ, ನೀಲಿ ಪಕ್ಕ ಕಿತ್ತಳೆ ಬಿದ್ದಲ್ಲಿ ಕೆಸರು ಬಣ್ಣ ಆಗುತ್ತದೆ.

ಕಟ್ಟುವುದು ಪಾರ್ಟಿಯ ಚೆಂದದ ಭಾಗ, ಅದಕ್ಕೆ ಸಮಯ ಕೊಡಿ. ಸುಲಭದ್ದು ಸುರುಳಿ. ಶರ್ಟನ್ನು ಚಪ್ಪಟೆ ಹಾಸಿ, ನಡುವೆ ಚಿಮುಟಿದ ಹಾಗೆ ಹಿಡಿದು ಒಂದೇ ದಿಕ್ಕಿಗೆ ತಿರುಗಿಸುತ್ತಾ ಹೋಗಬೇಕು. ನಾನು ಮಕ್ಕಳಿಗೆ "ಚಕ್ಕುಲಿ ಆಗೋವರೆಗೆ ತಿರುಗಿಸಿ" ಅನ್ನುತ್ತೇನೆ, ಒಂದೇ ಮಾತಿಗೆ ಅರ್ಥ ಆಗುತ್ತದೆ. ಆಮೇಲೆ ಮೂರು ರಬ್ಬರ್ ಬ್ಯಾಂಡನ್ನು ಅಡ್ಡಡ್ಡ ಹಾಕಿದರೆ ಹೋಳಿಗೆಯನ್ನು ಆರು ತುಂಡು ಮಾಡಿದ ಹಾಗೆ ಕಾಣುತ್ತದೆ, ಒಂದೊಂದು ತುಂಡಿಗೆ ಒಂದೊಂದು ಬಣ್ಣ. ಸ್ವಲ್ಪ ತಾಳ್ಮೆ ಇರುವ ಮಕ್ಕಳಿಗೆ ಕಡಲೆಕಾಳು ಕೊಡಿ. ಒಂದೊಂದು ಕಾಳನ್ನು ಬಟ್ಟೆಯೊಳಗೆ ಇಟ್ಟು ದಾರ ಬಿಗಿದರೆ ಬಿಚ್ಚಿದಾಗ ಸಣ್ಣ ಸಣ್ಣ ಉಂಗುರ ಬರುತ್ತದೆ. ಗುಜರಾತಿನ ಕಡೆ ಬಟ್ಟೆಗೆ ಗಂಟು ಕಟ್ಟಿ ಬಣ್ಣ ಹಾಕುವ ಬಾಂಧಣಿಯ ದಾರಿಯೇ ಇದು. ನಮ್ಮ ಕೆಳಗಿನ ಮಹಡಿಯ ಕಚ್ಛೀ ಆಂಟಿ ಅವತ್ತು ಬಂದು ಕಾಳಿಲ್ಲದೆ ಬರೀ ಉಗುರಿನ ತುದಿಯಲ್ಲಿ ಬಟ್ಟೆ ಎತ್ತಿ, ಕಣ್ಣು ಮಿಟುಕಿಸುವುದರೊಳಗೆ ದಾರ ಸುತ್ತಿ ತೋರಿಸಿದರು. ಮಕ್ಕಳು ಬಾಟಲಿ ಬಿಟ್ಟು ಅವರ ಸುತ್ತ ಕೂತುಬಿಟ್ಟರು. ಕಚ್ಛ್, ಜಾಮ್‌ನಗರದ ಬಾಂಧಣಿ ಸೀರೆಯಲ್ಲಿ ಇಂಥ ಗಂಟು ಸಾವಿರಾರು ಇರುತ್ತವೆ ಅಂದಾಗ ಒಬ್ಬ ತನ್ನ ಶರ್ಟಿನ ಗಂಟುಗಳನ್ನು ಎಣಿಸೋಕೆ ಶುರು ಮಾಡಿದ, ಹನ್ನೊಂದು. ನಿಮ್ಮ ಬಿಲ್ಡಿಂಗಿನಲ್ಲೂ ಇಂಥವರು ಯಾರಾದರೂ ಇದ್ದರೆ ದಯವಿಟ್ಟು ಕರೆಯಿರಿ.

ಜಾಗ ಟೆರೇಸ್ ಆದರೆ ಒಳ್ಳೆಯದು, ಸೊಸೈಟಿಯವರಿಗೆ ಮೊದಲೇ ಹೇಳಿ. ಮಳೆಗಾಲಕ್ಕೆ ತಂದ ತಾಡಪತ್ರಿ ಇದ್ದರೆ ಅದನ್ನೇ ಹಾಸಿ, ಮೇಲೆ ಹಳೇ ಪೇಪರು. ಉಳಿದ ಬಣ್ಣವನ್ನು ಟೆರೇಸಿನ ಮಳೆನೀರಿನ ಕೊಳವೆಗೆ ಬಿಡಬೇಡಿ, ಅದು ಬಿಲ್ಡಿಂಗಿನ ಗೋಡೆ ಮೇಲೆ ಇಳಿದರೆ ಕಲೆ ಹೋಗುವುದಿಲ್ಲ. ಬಕೆಟ್ಟಿನಲ್ಲಿ ಹಿಡಿದು ಬಾತ್‌ರೂಮಿನಲ್ಲಿ ಸುರಿಯಿರಿ. ಕೇಕು, ತಿಂಡಿ ಎಲ್ಲ ಬಣ್ಣ ಮುಟ್ಟುವ ಮೊದಲೇ ಮುಗಿಸಿ. ಎರಡು ಗಂಟೆಗಿಂತ ಜಾಸ್ತಿ ಎಳೆಯಬೇಡಿ.

ಮಕ್ಕಳು ಹೊರಡುವಾಗ ಪ್ರತಿ ಚೀಲದ ಮೇಲೆ ಹೆಸರು, ಬಿಚ್ಚುವ ದಿನ ಮತ್ತು ಗಂಟೆ ದಪ್ಪಗೆ ಬರೆಯಿರಿ. "ಭಾನುವಾರ ಸಂಜೆ ಐದರ ತನಕ ಬಿಚ್ಚಬೇಡಿ, ಒಣಗಿಸಬೇಡಿ." ಅಮ್ಮಂದಿರ ವಾಟ್ಸಾಪ್ ಗ್ರೂಪಿಗೂ ಅದನ್ನೇ ಹಾಕಿ, ಹಿಂದಿಯಲ್ಲೋ ಮರಾಠಿಯಲ್ಲೋ, ಅವರಿಗೆ ಅರ್ಥ ಆಗುವ ಹಾಗೆ. ಜೊತೆಗೆ ತೊಳೆಯುವ ರೀತಿಯನ್ನೂ ಬರೆಯಿರಿ: ರಬ್ಬರ್ ಬ್ಯಾಂಡ್ ಇರುವಾಗಲೇ ತಣ್ಣೀರಿನ ನಲ್ಲಿ ಕೆಳಗೆ ಹಿಡಿದು ಮೇಲಿನ ಬಣ್ಣ ಬಿಡಿಸಿ, ಆಮೇಲೆ ಬಿಚ್ಚಿ ಮತ್ತೆ ತಣ್ಣೀರು, ನೀರು ತಿಳಿಯಾಗುತ್ತಾ ಬಂದ ಮೇಲೆ ಬಿಸಿನೀರಲ್ಲಿ ಸೋಪು ಹಾಕಿ ಎರಡು ಸಲ. ಆಗ ಬಿಸಿನೀರಿಗೆ ಬಣ್ಣ ಇಳಿಯುವುದು ಕಂಡರೆ ಹೆದರಬೇಡಿ. ನೂಲಿಗೆ ಸೇರದೆ ಉಳಿದ ಬಣ್ಣ ಅದು, ಹೋಗಲೇಬೇಕು. ಸೇರಿದ್ದು ಎಲ್ಲಿಗೂ ಹೋಗುವುದಿಲ್ಲ. ಮುಂದಿನ ಮೂರು ಒಗೆತ ಮಾತ್ರ ಬೇರೆ ಬಟ್ಟೆ ಜೊತೆ ಹಾಕಬೇಡಿ, ಅದರಲ್ಲೂ ಶಾಲೆಯ ಬಿಳಿ ಯೂನಿಫಾರ್ಮ್ ಜೊತೆ.

ಬ್ಯಾಂಡ್ ಕತ್ತರಿಸುವುದಾದರೆ ಕತ್ತರಿ ನಿಮ್ಮ ಕೈಯಲ್ಲಿರಲಿ, ಅವಸರಕ್ಕೆ ಬಟ್ಟೆಯೇ ತೂತಾಗುತ್ತದೆ. ಬಿಡಿಸಿ ಹರಡುವುದನ್ನು ಮಗನಿಗೇ ಬಿಡಿ.