ಬೀಗ ಹಾಕಿದ ಮೇಲೂ ಓಡುವ ಮೀಟರ್

ಕಳೆದ ಬೇಸಿಗೆಯಲ್ಲಿ ರಾಯಚೂರಿನ ಒಂದು ಎರಡಂತಸ್ತಿನ ಕಚೇರಿಯವರು ನನ್ನನ್ನು ಕರೆಸಿ, ಚಾವಣಿಯ ಮೇಲೆ ಎಷ್ಟು ಕಿಲೋವ್ಯಾಟ್ ಸೌರ ಫಲಕ ಹಾಕಿಸಬೇಕೆಂದು ಕೇಳಿದರು. ನಾನು ಚಾವಣಿ ಹತ್ತಲಿಲ್ಲ. ಶನಿವಾರ ಸಂಜೆ ಆರಕ್ಕೆ ಬೀಗ ಹಾಕುವಾಗ ಒಮ್ಮೆ, ಸೋಮವಾರ ಬೆಳಿಗ್ಗೆ ಹತ್ತಕ್ಕೆ ತೆಗೆಯುವಾಗ ಇನ್ನೊಮ್ಮೆ ಮೀಟರಿನ ಅಂಕಿ ಬರೆದಿಡಿ ಎಂದು ಕಾವಲುಗಾರರಿಗೆ ಹೇಳಿ ಬಂದೆ.

ನರಪಿಳ್ಳೆಯೂ ಇಲ್ಲದ ಆ 40 ಗಂಟೆಗಳಲ್ಲಿ 120 ಯೂನಿಟ್ ಖರ್ಚಾಗಿತ್ತು. ಖಾಲಿ ಕೋಣೆಗಳಲ್ಲಿ 75 ವ್ಯಾಟಿನ 40 ಫ್ಯಾನುಗಳು ಒಂದೇ ಸಮನೆ ತಿರುಗಿದಷ್ಟು! ವಿದ್ಯುತ್ ಪೂರೈಸುವ ಜೆಸ್ಕಾಂ ಕಂಪನಿಯ ಬಿಲ್ಲಿನಲ್ಲಿ ತಿಂಗಳ ಮೊತ್ತವಷ್ಟೇ ಕಾಣುವುದರಿಂದ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಹೊರಗಿನಿಂದಲೇ ಅಳೆಯುವ ಕ್ಲ್ಯಾಂಪ್ ಮೀಟರ್ ಹಿಡಿದು ಒಂದೊಂದೇ ತಂತಿ ನೋಡುತ್ತಾ ಹೋದೆವು. ಮೆಟ್ಟಿಲ ಬಳಿಯ ಎರಡು ವಾಟರ್ ಕೂಲರ್‌ಗಳು ರಾತ್ರಿಯಿಡೀ ಯಾರೂ ಕುಡಿಯದ ನೀರನ್ನು ತಣಿಸುತ್ತಿದ್ದವು. ಸರ್ವರ್ ಕೋಣೆಯ ಎಸಿ 18 ಡಿಗ್ರಿಯಲ್ಲಿತ್ತು, ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದು. ಅದರ ಹೊರಗಿನ ಘಟಕ ಪಡುವಣ ಬಿಸಿಲಿಗೆ ಮೈಯೊಡ್ಡಿ ನಿಂತಿತ್ತು. ಪಕ್ಕದಲ್ಲೇ ಹತ್ತಿ ಜಿನ್ನಿಂಗ್ ಮಿಲ್ಲು. ಘಟಕದಿಂದ ಬಿಸಿ ಹೊರಬಿಡುವ ತೆಳು ಲೋಹದ ರೆಕ್ಕೆಗಳ ಮೇಲೆ ಉಗುರಾಡಿಸಿದರೆ ಅರಳೆಯ ಧೂಳು ಕಂಬಳಿ ತುಂಡಿನಂತೆ ಕಳಚಿ ಬಂತು. ಬಿಸಿ ಹೊರಹೋಗಲು ದಾರಿಯಿಲ್ಲದಿದ್ದರೆ ಕಂಪ್ರೆಸರ್ ಅಷ್ಟೇ ತಂಪಿಗೆ ಹೆಚ್ಚು ವಿದ್ಯುತ್ ಎಳೆಯುತ್ತದೆ.

ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 0.7 ಕೆಜಿಯಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಆ ಕಟ್ಟಡದ ಒಂದು ವಾರಾಂತ್ಯಕ್ಕೆ 84 ಕೆಜಿ, ವರ್ಷಕ್ಕೆ ನಾಲ್ಕು ಟನ್ನಿಗೂ ಮಿಕ್ಕಿ. ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿಗಳನ್ನು ನೋಡುತ್ತಲೇ ಬದುಕುವ ನಮಗೆ ಇದು ದೂರದ ಲೆಕ್ಕವಲ್ಲ. ಅಲ್ಲಿ ಹಾರುವ ಬೂದಿ ಇಲ್ಲಿನವರದೇ ಉಸಿರಿಗೆ ಬರುತ್ತದೆ.

ಕೂಲರ್‌ಗಳಿಗೆ ಟೈಮರ್ ಹಾಕಿಸಿದೆವು, ಸಂದು ಮುಚ್ಚಿಸಿದೆವು, ಘಟಕವನ್ನು ತೊಳೆಸಿ ನೆರಳು ಮಾಡಿದೆವು. ಎಸಿಯನ್ನು 25 ಡಿಗ್ರಿಗೆ ತಂದೆವು. ಒಂದೊಂದು ಡಿಗ್ರಿ ಏರಿಸಿದಂತೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ವಾರಾಂತ್ಯದ ಖರ್ಚು 45 ಯೂನಿಟ್‌ಗೆ ಇಳಿಯಿತು.

ಚಾವಣಿ ಹತ್ತಿದ್ದು ಆಮೇಲೆ. ಸಂಜೆ ನಾಲ್ಕಕ್ಕೂ ಬರಿಯ ಕಾಂಕ್ರೀಟಿನ ಮೇಲೆ ಅಂಗೈ ಇಡಲಾಗಲಿಲ್ಲ. ನಮ್ಮ ಹಳ್ಳಿಗಳ ಮಣ್ಣಿನ ಮಾಳಿಗೆಗಳು ಈ ಬಿಸಿಲನ್ನು ದಪ್ಪ ಮಣ್ಣಿನಲ್ಲೇ ತಡೆದು ನಿಲ್ಲಿಸುತ್ತಿದ್ದವು; ತೆಳು ಆರ್‌ಸಿಸಿ ಅದನ್ನು ರಾತ್ರಿಯವರೆಗೂ ಕೋಣೆಯೊಳಗೆ ಸುರಿಯುತ್ತದೆ. ಶಿವರಾತ್ರಿಯ ಹೊತ್ತಿಗೆ ಬಿಳಿ ಬಣ್ಣ ಬಳಿಯಿರಿ, ಸುಣ್ಣವಾದರೂ ಸರಿ ಎಂದೆ. ಧೂಳು ಕುಳಿತರೆ ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳುಪಿನ ಗುಣ ಹೋಗುತ್ತದೆ, ಆಗಾಗ ಗುಡಿಸಲೇಬೇಕು. ಸೌರ ಫಲಕ ಬೇಡವೆಂದಲ್ಲ, ಖಂಡಿತ ಬೇಕು. ಆದರೆ ಸೋರುವ ಕೊಡಕ್ಕೆ ಅಳತೆ ನೋಡಿ ಅದನ್ನು ಕೊಳ್ಳಬಾರದು.

ಕಾವಲುಗಾರರು ಈಗಲೂ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಕಳೆದ ತಿಂಗಳು ಒಂದು ಸೋಮವಾರ 70 ಬಂದಾಗ ಅವರೇ ಫೋನ್ ಮಾಡಿದರು. ಟ್ಯಾಂಕು ತುಂಬಿದಾಗ ನೀರೆತ್ತುವ ಮೋಟಾರನ್ನು ನಿಲ್ಲಿಸುವ ಫ್ಲೋಟ್ ಕೆಟ್ಟು, ತುಂಬಿದ ಟ್ಯಾಂಕಿಗೇ ಭಾನುವಾರವಿಡೀ ನೀರು ಹರಿದಿತ್ತು.